ಪರದೇಶದಾಗಿನ ಕೂಸಿಗೆ ನಮ್ಮ ಮನಿ ಮಾತು

ಮನೆಯೊಳಗೆ ಒಂದು ಮಾತು, ಹೊಸ್ತಿಲ ದಾಟಿದರೆ ಇನ್ನೊಂದು ಮಾತು. ಇದು ನಮ್ಮ ಕಡೆ ಹೊಸದೇನಲ್ಲ. ಹುಬ್ಬಳ್ಳಿಯ, ಗದಗ-ಬೆಟಗೇರಿಯ ಸಾವಜಿ ಮನೆತನದವರು ಅಂಗಡಿಯಲ್ಲಿ ಕೂತಾಗ ಅಚ್ಚ ಕನ್ನಡ ಆಡುತ್ತಾರೆ, ಅಡುಗೆಮನೆಗೆ ಹೋದರೆ ತಮ್ಮ ಮಾತು ಆಡುತ್ತಾರೆ. ಗದಗ, ಹಾವೇರಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಇಂದಿಗೂ ಮಕ್ಕಳ ಬಾಯಲ್ಲಿದೆ. ಈ ಎರಡೂ ಮಾತುಗಳನ್ನು ಯಾವ ಶಾಲೆಯೂ ಕಲಿಸಲಿಲ್ಲ. ಮನೆಯ ಹಿರಿಯರಿಗೆ ಬೇರೆ ಮಾತು ರುಚಿಸುತ್ತಿರಲಿಲ್ಲ, ಮದುವೆ ಮುಂಜಿಯಲ್ಲಿ ನೂರಾರು ಮಂದಿ ಅದನ್ನೇ ಆಡುತ್ತಿದ್ದರು, ಆ ಮಾತು ಬಾರದ ಮಗು ಅಲ್ಲಿ ಒಬ್ಬಂಟಿಯಾಗುತ್ತಿತ್ತು. ಹಾಗಾಗಿ ಕಲಿಯಿತು.

ಫ್ರಾಂಕ್‌ಫರ್ಟಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಧಾರವಾಡದ ದಂಪತಿಗೆ ಈಗ ಕನ್ನಡವೇ ಆ ಮನೆಮಾತು. ಆದರೆ ತಾಂಡಾದಲ್ಲಿದ್ದ ಮಂದಿ ಅಲ್ಲಿಲ್ಲ. ಒಂದು ಫ್ಲ್ಯಾಟು, ಇಬ್ಬರು ದೊಡ್ಡವರು, ಒಂದು ಕೂಸು, ಇಷ್ಟೇ. ಊರಲ್ಲಿ ತಾನಾಗಿ ಸಿಗುತ್ತಿದ್ದ ಕನ್ನಡದ ಅಗತ್ಯವನ್ನು ಅಲ್ಲಿ ಕೈಯಾರೆ ಕಟ್ಟಬೇಕಾಗುತ್ತದೆ. ಕಟ್ಟಬಹುದು ಕೂಡ. ಅದರ ವಿವರಗಳನ್ನೇ ಇಲ್ಲಿ ಬರೆಯುತ್ತಿರುವುದು. ಅಲ್ಲಿರುವ ಅಪ್ಪ-ಅವ್ವನಿಗೂ, ಇಲ್ಲಿ ಫೋನಿನ ಮುಂದೆ ಕಾಯುವ ಅಜ್ಜ-ಆಯಿಗೂ.

ಮೊದಲು ತಾಸುಗಳ ಲೆಕ್ಕ ಹಾಕಿ. ಮೂರು ವರ್ಷದ ಕೂಸು ದಿನಕ್ಕೆ ಸುಮಾರು 12 ತಾಸು ಎಚ್ಚರ ಇರುತ್ತದೆ, ವಾರಕ್ಕೆ 84. ಡೇಕೇರ್‌ನಲ್ಲಿ ನಿದ್ದೆ ಕಳೆದು ದಿನಕ್ಕೆ 8 ತಾಸಿನಂತೆ 40 ಹೋಯಿತು. ಉಳಿದ 44ರಲ್ಲಿ ಟೀವಿ, ಅಂಗಡಿ, ಪಾರ್ಕಿನಲ್ಲಿ ಸಿಗುವ ಮಕ್ಕಳು, ಅಪ್ಪ-ಅವ್ವ ಲ್ಯಾಪ್‌ಟಾಪ್ ಮುಂದಿರುವ ಹೊತ್ತು ಎಲ್ಲ ತೆಗೆದರೆ ಕನ್ನಡಕ್ಕೆ 20 ತಾಸು ಸಿಕ್ಕರೆ ಹೆಚ್ಚು. ಶನಿವಾರದ ಒಂದು ತಾಸಿನ ಕನ್ನಡ ಕ್ಲಾಸಿನಿಂದ ಮಾತು ಬರುತ್ತದೆ ಎಂದು ನಂಬಿ ಕೂಡಬಾರದು ಎನ್ನುವುದು ಇದಕ್ಕೇ. ಕ್ಲಾಸು ಬೇಕು, ಅಲ್ಲಿ ಕನ್ನಡ ಆಡುವ ಓರಗೆಯ ಮಕ್ಕಳು ಸಿಗುತ್ತಾರೆ. ಆದರೆ ಮಾತು ಬೆಳೆಯುವುದು ಆ 20 ತಾಸಿನಲ್ಲಿ.

ಮನೆಯಲ್ಲಿ ಯಾರು ಯಾವ ಮಾತು ಆಡಬೇಕು? ಬೆಲ್ಜಿಯಂನಲ್ಲಿ ಸುಮಾರು 1,900 ಕುಟುಂಬಗಳ ಮಾಹಿತಿ ಕಲೆಹಾಕಿ ಆನಿಕ್ ಡ ಹೌವರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ತಂದೆ ತಾಯಿ ಇಬ್ಬರೂ ಮನೆಯಲ್ಲಿ ತಮ್ಮ ಮಾತನ್ನಷ್ಟೇ ಆಡಿದ ಕಡೆ ಹೆಚ್ಚೂಕಡಿಮೆ ಎಲ್ಲ ಮಕ್ಕಳೂ ಆ ಮಾತು ಆಡಿದರು. ಒಬ್ಬರು ಊರಿನ ಭಾಷೆ, ಇನ್ನೊಬ್ಬರು ಮನೆಮಾತು ಎಂದು ಹಂಚಿಕೊಂಡ ಕಡೆ ನಾಲ್ವರಲ್ಲಿ ಮೂವರು. ಒಬ್ಬರು ಊರಿನ ಭಾಷೆ ಮಾತ್ರ ಆಡಿ, ಇನ್ನೊಬ್ಬರು ಎರಡನ್ನೂ ಬೆರೆಸಿದ ಕಡೆ ಮೂವರಲ್ಲಿ ಒಬ್ಬರಷ್ಟೇ. ಇಬ್ಬರೂ ಕನ್ನಡಿಗರಾಗಿದ್ದರೆ ದಾರಿ ಸ್ಪಷ್ಟ: ಮನೆಯೊಳಗೆ ಪೂರ್ತಿ ಕನ್ನಡ, ಗಂಡ-ಹೆಂಡತಿ ನಡುವೆ ಕೂಡ. ಹೊರಗಿನ ಭಾಷೆ ಹಿಂದೆ ಬೀಳುತ್ತದೆಂಬ ಭಯ ಬೇಡ, ಅದನ್ನು ಡೇಕೇರು, ಶಾಲೆ, ಬೀದಿ ಎಲ್ಲ ಸೇರಿ ಕಲಿಸುತ್ತವೆ. ಸಂಗಾತಿ ಬೇರೆ ಭಾಷೆಯವರಾಗಿದ್ದರೆ ಕನ್ನಡದ ಪೂರ್ತಿ ಭಾರ ಒಬ್ಬರ ಮೇಲೆ. ಅವರು ಬೆರೆಸುವುದನ್ನು ಆದಷ್ಟು ಕಡಿಮೆ ಮಾಡಬೇಕು, ಮತ್ತು ಇನ್ನೊಬ್ಬರಿಗೆ ಕನ್ನಡ ಕಿವಿಗೆ ಬೀಳುತ್ತಿದ್ದರೆ ಬೇಸರವಾಗದಷ್ಟಾದರೂ ತಿಳಿಯಬೇಕು. ಕೂಸಿನ ಜೊತೆ ಕೂಸಿನ ವೇಗದಲ್ಲೇ ಅವರೂ ಕಲಿಯಲಿ, ಮೊದಲ ಎರಡು ವರ್ಷದ ಮಾತು ಯಾರಿಗೂ ಕಷ್ಟವಲ್ಲ.

ಪೂರ್ತಿ ಕನ್ನಡ ಎಂದರೆ ಫ್ರಿಜ್, ಚಾರ್ಜರ್, ಬಸ್ಸು ಎನ್ನಬಾರದು ಅಂತಲ್ಲ. ಅವು ಹುಬ್ಬಳ್ಳಿಯಲ್ಲೂ ಹಾಗೇ. ನಾಮಪದ ಎರವಲು ಬಂದರೆ ಭಾಷೆಗೆ ಏನೂ ಆಗುವುದಿಲ್ಲ. ಸೋರುವುದು ಕ್ರಿಯಾಪದದಲ್ಲಿ. "ಹ್ಯಾಂಡ್ ವಾಶ್ ಮಾಡು, ಡೋರ್ ಓಪನ್ ಮಾಡು, ಆ್ಯಪಲ್ ಕಟ್ ಮಾಡ್ಲಾ, ಶೂಸ್ ರಿಮೂವ್ ಮಾಡು" ಎಂದು ದಿನವಿಡೀ ಕೇಳಿದ ಕೂಸಿಗೆ ಸಿಗುವ ಕನ್ನಡ ಕ್ರಿಯಾಪದ "ಮಾಡು" ಒಂದೇ. ನಾಲ್ಕು ವರ್ಷಕ್ಕೆ ಬಂದಾಗ ಅದಕ್ಕೆ ಒಂದು ವಾಕ್ಯ ಕಟ್ಟಲು ಬೇಕಾದ ಸಾಮಾನೇ ಇರುವುದಿಲ್ಲ. ಒಂದು ಸಂಜೆ ನಿಮ್ಮ ಮನೆಯ ಮಾತನ್ನು ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, "ಮಾಡು" ಎಷ್ಟು ಸಲ ಬಂತು ಎಣಿಸಿ. ಅವನ್ನು ತೊಳಿ, ತೆಗಿ, ಹೆಚ್ಚು, ಕಳಚು ಎಂದು ತಿರುಗಿಸುವುದೇ ಮೊದಲ ತಿಂಗಳ ಕೆಲಸ.

ಕ್ರಿಯಾಪದಕ್ಕೆ ಅಡುಗೆಮನೆಯಂಥ ಜಾಗ ಇನ್ನೊಂದಿಲ್ಲ, ನಮ್ಮ ಅಡುಗೆಯಲ್ಲಿ ಜೋಳದ ರೊಟ್ಟಿಯಂಥದ್ದು ಇನ್ನೊಂದಿಲ್ಲ. ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯದಾಗಿದ್ದರೆ ಜಿಗುಟು ಹೋಗಿ ರೊಟ್ಟಿ ಬಿರಿಯುತ್ತದೆ, ಅದಕ್ಕೆ ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲಿನಷ್ಟು ಕುದಿಯುವ ನೀರು ಹಾಕಿ, ಚಮಚದಿಂದ ಕಲಸಿ, ಮುಟ್ಟುವಷ್ಟು ಆರಿದ ಮೇಲೆ ಕೂಸನ್ನು ಸ್ಟೂಲ್ ಮೇಲೆ ನಿಲ್ಲಿಸಿ ಅದರ ಕೈಗೊಂದು ನಿಂಬೆಹಣ್ಣಿನ ಗಾತ್ರದ ಹಿಟ್ಟು ಕೊಡಿ. ಮಾತು ಕೈಯ ಜೊತೆಗೇ ನಡೆಯಬೇಕು: "ನಾದು. ಜೋರ್ ನಾದು. ಈಗ ಉಂಡಿ ಕಟ್ಟು. ಕೆಳಗ ಹಿಟ್ಟ ಉದುರಸು. ಬಡಿ, ಮೆಲ್ಲಕ ಬಡಿ, ತಿರುಗಿಸಿಕೋತ ಬಡಿ. ಅಂಚು ಹರದೈತಿ ನೋಡು, ಕೂಡಸು. ನಾ ಹಂಚಿಗೆ ಹಾಕತೀನಿ, ನೀ ದೂರ ಸರಿ. ನೀರ ಸವರೂಣು. ಆರಿತೇನು? ಹೊಳ್ಳಿಸಿ ಹಾಕೂಣು. ಉಬ್ಬಿತು, ಉಬ್ಬಿತು!" ಹದಿನೈದು ನಿಮಿಷದಲ್ಲಿ ಹನ್ನೆರಡಕ್ಕೂ ಹೆಚ್ಚು ಕ್ರಿಯಾಪದ, ಪ್ರತಿಯೊಂದೂ ಕಣ್ಣೆದುರು ನಡೆದದ್ದು. ವಾರಕ್ಕೆ ಎರಡು ಸಲ ಇದೇ ಕೆಲಸ, ಇದೇ ಮಾತು. ಬೇಸರವಾಗುವುದು ದೊಡ್ಡವರಿಗೆ, ಕೂಸಿಗಲ್ಲ, ಅದಕ್ಕೆ ಮರಳಿ ಮರಳಿ ಬರುವುದೇ ಬೇಕು. ಮೂರನೆಯ ವಾರದಿಂದ ನೀವು ನಡುವೆ ನಿಲ್ಲಿಸಿ, "ಈಗ ಏನ್ ಮಾಡೂದು?" ಎಂದು ಕೇಳಿ, ಐದು ಸೆಕೆಂಡು ಸುಮ್ಮನಿರಿ. ಆ ಐದು ಸೆಕೆಂಡು ತಡೆದುಕೊಳ್ಳುವುದೇ ಕಷ್ಟದ ಭಾಗ. ಮುಂಚೆಯೇ ಉತ್ತರ ಹೇಳಿಬಿಟ್ಟರೆ ಕೂಸು ಬಾಯಿ ತೆರೆಯುವ ಅಗತ್ಯವೇ ಇರುವುದಿಲ್ಲ.

ಇಲ್ಲಿ ಧಾರವಾಡದ ಮಾತನ್ನೇ ಬರೆದಿರುವುದು ಬೇಕೆಂದೇ. ಕೂಸಿಗೆ "ಶುದ್ಧ" ಕನ್ನಡ ಕಲಿಸಬೇಕೆಂದು ಕೆಲವರು "ನೀನು ಏನು ಮಾಡುತ್ತಿದ್ದೀಯಾ" ಎಂದು ಪುಸ್ತಕದ ಕನ್ನಡ ಆಡಲು ಹೋಗುತ್ತಾರೆ. ಅದು ನಾಲ್ಕು ದಿನ ನಡೆಯುತ್ತದೆ. ಸಿಟ್ಟು ಬಂದಾಗ, ನಗು ಬಂದಾಗ, ಕೂಸನ್ನು ಎತ್ತಿ ಮುದ್ದಾಡುವಾಗ ಬಾಯಿಗೆ ಬರುವುದು "ಏನ್ ಮಾಡಾಕತ್ತೀಯೋ" ಎನ್ನುವುದೇ. ಭಾವದ ಮಾತೊಂದು, ಪಾಠದ ಮಾತೊಂದು ಆದರೆ ಕೂಸಿಗೆ ಎರಡೂ ಅರೆಬರೆ. ಊರಿಗೆ ಬಂದಾಗ ಅಜ್ಜ ಆಡುವ ಕನ್ನಡವೇ ಅದಕ್ಕೆ ತಿಳಿಯದೆ ಹೋಗುತ್ತದೆ. ಮನೆಯ ಮಾತು ಗಟ್ಟಿಯಾದರೆ ಪುಸ್ತಕದ ಕನ್ನಡ ಆರೇಳು ವರ್ಷಕ್ಕೆ ಅದರ ಮೇಲೆ ತಾನೇ ಬಂದು ಕೂಡುತ್ತದೆ, ನಮ್ಮಲ್ಲಿ ಎಲ್ಲರಿಗೂ ಹಾಗೇ ಬಂದದ್ದು.

ಡೇಕೇರ್‌ಗೆ ಹೋಗಲು ಶುರುವಾದ ಕೆಲವು ತಿಂಗಳಿಗೆ ಆ ದಿನ ಬರುತ್ತದೆ: ನೀವು ಕನ್ನಡದಲ್ಲಿ ಕೇಳಿದ್ದಕ್ಕೆ ಕೂಸು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಉತ್ತರ ಕೊಡುತ್ತದೆ. ಎಲ್ಲ ತಿಳಿಯುತ್ತದೆ, ಆದರೆ ಆಡುವುದಿಲ್ಲ. ಬಹಳ ಮನೆಗಳಲ್ಲಿ ಕನ್ನಡ ನಿಲ್ಲುವುದು ಇಲ್ಲೇ. ನಾರ್ವೆಯಲ್ಲಿ ಎರಡು ಭಾಷೆಯ ಮನೆಗಳ ಎಳೆಯ ಮಕ್ಕಳ ಮಾತನ್ನು ಅಭ್ಯಾಸ ಮಾಡಿದ ಎಲಿಜಬೆತ್ ಲಾಂಜಾ ಈ ಗಳಿಗೆಯಲ್ಲಿ ತಂದೆತಾಯಿ ಏನು ಮಾಡುತ್ತಾರೆ ಎನ್ನುವುದನ್ನು ಐದು ಬಗೆಯಾಗಿ ವಿಂಗಡಿಸಿದರು. ನಮ್ಮ ಮನೆಗೆ ತಂದು ಹೇಳುವುದಾದರೆ, ಕೂಸು "ಐ ವಾಂಟ್ ವಾಟರ್" ಅಂದಾಗ ನೀವು "ಏನಂದಿ? ತಿಳೀಲಿಲ್ಲ" ಅನ್ನಬಹುದು, "ನೀರ ಬೇಕೇನು?" ಎಂದು ಕೇಳಬಹುದು, "ನೀರ ಬೇಕು ನಿನಗ, ತಗೋ" ಎಂದು ಅದರ ಮಾತನ್ನೇ ಕನ್ನಡಕ್ಕೆ ತಿರುಗಿಸಬಹುದು, ಏನೂ ಆಗದವರಂತೆ ಕನ್ನಡದಲ್ಲೇ ಮುಂದುವರಿಯಬಹುದು, ಇಲ್ಲವೇ ನೀವೂ ಇಂಗ್ಲಿಷಿಗೆ ಹೊರಳಬಹುದು. ಮೊದಲನೆಯದು ಕೂಸನ್ನು ಕನ್ನಡದ ಕಡೆ ಹೆಚ್ಚು ಎಳೆಯುತ್ತದೆ, ಕೊನೆಯದು ಎಲ್ಲಕ್ಕಿಂತ ಕಡಿಮೆ.

ಆದರೆ ನೀವು ಅಂಗಡಿಯಲ್ಲಿ ಇಂಗ್ಲಿಷ್ ಆಡುವುದನ್ನು ನಾಲ್ಕು ವರ್ಷದ ಕೂಸು ನೋಡಿರುತ್ತದೆ. "ತಿಳೀಲಿಲ್ಲ" ಎಂದರೆ ಅದು ನಂಬುವುದಿಲ್ಲ, ಹಟಕ್ಕೆ ಬೀಳುತ್ತದೆ. "ಕನ್ನಡದಾಗ ಹೇಳು, ಇಲ್ಲಾಂದ್ರ ಕೊಡಂಗಿಲ್ಲ" ಎನ್ನುವುದಂತೂ ಬೇಡವೇ ಬೇಡ, ನೀರು ಕೊಡದಿರುವ ಶಿಕ್ಷೆಯಾಗಿ ಕನ್ನಡ ನೆನಪಿನಲ್ಲಿ ಉಳಿಯುತ್ತದೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಆಯ್ಕೆಯ ಪ್ರಶ್ನೆ. "ನೀರ ಬೇಕೇನು?" ಎಂದರೆ ತಲೆಯಾಡಿಸಿ ಮುಗಿಸಬಹುದು. "ತಣ್ಣೀರ ಬೇಕೋ, ಬಿಸಿನೀರ ಬೇಕೋ?" ಎಂದರೆ ಒಂದು ಪದವನ್ನಾದರೂ ಕನ್ನಡದಲ್ಲಿ ಆಡಬೇಕು, ಬೇಕಾದ ಪದ ಪ್ರಶ್ನೆಯಲ್ಲೇ ಇದೆ. ಬಟ್ಟೆ ಹಾಕುವಾಗ, ಉಣ್ಣುವಾಗ, ಆಟಿಗೆ ತೆಗೆಯುವಾಗ, ದಿನಕ್ಕೆ ಇಪ್ಪತ್ತು ಸಲ ಇದನ್ನು ಬಳಸಬಹುದು.

ಶಾಲೆಯ ಕತೆ ಬೇರೆ. ಅಲ್ಲಿ ನಡೆದದ್ದು ಅಲ್ಲಿನ ಭಾಷೆಯಲ್ಲೇ ನಡೆದದ್ದು, ಅದನ್ನು ಕನ್ನಡದಲ್ಲಿ ಹೇಳಲು ಕೂಸಿಗೆ ಪದಗಳಿಲ್ಲ. ಅದು ಉತ್ಸಾಹದಿಂದ ಹೇಳುತ್ತಿರುವಾಗ ತಡೆಯಬೇಡಿ, ಪೂರ್ತಿ ಕೇಳಿ. ರಾತ್ರಿ ಊಟಕ್ಕೆ ಕೂತಾಗ ಅದರ ಎದುರಿಗೇ ಇನ್ನೊಬ್ಬರಿಗೆ ಆ ಕತೆಯನ್ನು ಕನ್ನಡದಲ್ಲಿ ಹೇಳಿ: "ಇವತ್ತ ಸಾಲ್ಯಾಗ ಏನಾತಂದ್ರ, ಇವನ ಗೆಳ್ಯಾ ಜಾರುಬಂಡಿ ಮ್ಯಾಲಿಂದ ಬಿದ್ದನಂತ, ಮೊಣಕಾಲು ತರಚಿ ರಕ್ತ ಬಂತಂತ." ಎಲ್ಲಾದರೂ ಬೇಕೆಂದೇ ತಪ್ಪು ಹೇಳಿ, ಕೂಸು ತಿದ್ದಲು ಬಾಯಿ ಹಾಕುತ್ತದೆ, ಹೆಚ್ಚಾಗಿ ಕನ್ನಡದಲ್ಲೇ. ಬಿದ್ದು ಅಳುತ್ತಿರುವಾಗ, ಹೆದರಿದಾಗ ಮಾತ್ರ ಯಾವ ಭಾಷೆ ಎಂದು ನೋಡಬಾರದು. ನಿಮ್ಮ ಸಮಾಧಾನದ ಮಾತು ಕನ್ನಡದಲ್ಲಿರಲಿ, ಅದರ ಅಳು ಯಾವ ಭಾಷೆಯಲ್ಲಾದರೂ ಇರಲಿ.

ಉಚ್ಚಾರದ ವಿಷಯ ಹುಟ್ಟಿದಂದಿನಿಂದಲೇ ಶುರುವಾಗುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ತ-ಟ ಭೇದವನ್ನು ಗುರುತಿಸಿದವು, 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹಳಷ್ಟು ಕುಗ್ಗಿತ್ತು. ಕನ್ನಡಕ್ಕೆ ಈ ಭೇದ ಪ್ರಾಣ. ಕಟ್ಟಿಯ ಮೇಲೆ ಕೂಡುವುದು ಬೇರೆ, ಕತ್ತಿಯ ಮೇಲೆ ಕೂಡುವುದು ಬೇರೆ. ಹಾಲು ಬೇರೆ, ಹಾಳು ಬೇರೆ. ಹಾಗಾಗಿ "ಇನ್ನೂ ಮಾತೇ ಬರಂಗಿಲ್ಲ, ಆಮ್ಯಾಲ ಕನ್ನಡ ಶುರು ಮಾಡೂಣು" ಎಂದು ಮುಂದೂಡಬಾರದು. ತೊಟ್ಟಿಲಲ್ಲಿರುವಾಗಲೇ ಸ್ನಾನ ಮಾಡಿಸುತ್ತ, ಎಣ್ಣೆ ಹಚ್ಚುತ್ತ ಆಡಿದ ಮಾತು ಕಿವಿಯನ್ನು ತಯಾರು ಮಾಡುತ್ತದೆ. ಐದು ವರ್ಷದ ಕೂಸು ಳ ಬದಲು ಲ ಅಂದರೆ ಎಲ್ಲರೆದುರು ತಿದ್ದಬೇಡಿ. "ಬಾಲೆಹಣ್ಣು" ಅಂದಾಗ "ಹೂಂ, ಬಾಳೆಹಣ್ಣು, ಬಾಳೆಹಣ್ಣು ಸುಲಿ" ಎಂದು ನಿಮ್ಮ ಸರದಿಯಲ್ಲಿ ಎರಡು ಸಲ ಸರಿಯಾಗಿ ಆಡಿ ಮುಂದೆ ಹೋಗಿ.

ವ್ಯಾಕರಣದಲ್ಲಿ ಎಡವುವ ಜಾಗಗಳು ಮೊದಲೇ ಗೊತ್ತಿರುವಂಥವು. "ನಾನು ಹಸಿವು", "ನಾನು ಬೇಕು ಬಾಲ್": ನನಗ ಎನ್ನುವುದು ಮಾಯವಾಗುತ್ತದೆ, ಇಂಗ್ಲಿಷಿನ ನಾನು ಅಲ್ಲಿ ಬಂದು ಕೂಡುತ್ತದೆ. "ಅಕ್ಕ ಬಂದ": ಗಂಡು-ಹೆಣ್ಣಿನ ಪ್ರತ್ಯಯ ಕಲೆಸಿಹೋಗುತ್ತದೆ. ಮೂರನೆಯದು ನಮ್ಮ ಹಿರಿಯರಿಗೆ ನೋವು ಕೊಡುವಂಥದ್ದು. ಕೂಸು ಅಜ್ಜನಿಗೆ "ಅಜ್ಜಾ, ಬಾ, ಕೂಡು, ತಿನ್ನು" ಎನ್ನುತ್ತದೆ. ಸಂಸ್ಕಾರದ ಕೊರತೆ ಎಂದು ಇಲ್ಲಿ ಮುಖ ಚಿಕ್ಕದಾಗುತ್ತದೆ. ಆದರೆ ಕೂಸು ಹುಟ್ಟಿದಾಗಿನಿಂದ ತನಗೆ ಹೇಳಿದ "ಬಾ, ತಿನ್ನು, ಮಲಗು" ಬಿಟ್ಟು ಬೇರೆ ಕೇಳಿಯೇ ಇಲ್ಲ. ಊರಲ್ಲಿದ್ದರೆ ಬಾಗಿಲಿಗೆ ಬಂದ ನೆರೆಯವರಿಗೆ "ಬರ್ರಿ, ಕುಂಡ್ರಿ, ಚಾ ತಗೋರಿ" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಆ "ರಿ" ಕಿವಿಗೆ ಬೀಳುವ ವ್ಯವಸ್ಥೆ ಆಗಬೇಕು. ಕನ್ನಡದ ಹಿರಿಯರನ್ನು ಊಟಕ್ಕೆ ಕರೆಯಿರಿ, ಅಜ್ಜನ ಜೊತೆ ಸ್ಪೀಕರ್‌ನಲ್ಲಿ ಮಾತಾಡಿ, ಬೊಂಬೆಗಳನ್ನು ಅತಿಥಿಗಳನ್ನಾಗಿ ಕೂರಿಸಿ ಬರ್ರಿ-ಕುಂಡ್ರಿ ಆಟ ಆಡಿ. ಮತ್ತು ಫೋನಿಗೆ ಮುಂಚೆ ಒಂದೇ ವಾಕ್ಯ ತಯಾರು ಮಾಡಿಸಿ: "ಅಜ್ಜಾ, ಉಂಡ್ರಿ?"

ಇನ್ನು ಫೋನು. 2003ರಲ್ಲಿ ಪೆಟ್ರೀಷಿಯಾ ಕುಹ್ಲ್ ತಂಡದ ಪ್ರಯೋಗದಲ್ಲಿ ಅಮೆರಿಕದ 9 ತಿಂಗಳ ಶಿಶುಗಳು ಎದುರಿಗೆ ಕೂತ ಮನುಷ್ಯರಿಂದ 12 ಸರದಿಯಲ್ಲಿ ಚೀನೀ ಭಾಷೆಯ ಧ್ವನಿಗಳನ್ನು ಕಲಿತವು, ಅದೇ ಮಾತನ್ನು ಪರದೆಯ ಮೇಲೆ ನೋಡಿದವು ಕಲಿಯಲಿಲ್ಲ. ಆದ್ದರಿಂದ ಕನ್ನಡ ಕಾರ್ಟೂನು ಹಚ್ಚಿ ಕೂಡಿಸಿದರೆ ಎಳೆಯ ಕೂಸಿಗೆ ಮಾತು ಬರುವುದಿಲ್ಲ. ಆದರೆ ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕರೆಯಲ್ಲಿ, ತಮ್ಮ ಮಾತಿಗೆ ಆಗಿಂದಾಗಲೇ ಮರುಮಾತಾಡುವವರಿಂದ, ಹೊಸ ಪದ ಕಲಿಯಬಲ್ಲರು ಎಂದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿದೆ. ಅಜ್ಜ-ಆಯಿಯ ಕರೆಗೆ ಬೆಲೆ ಬರುವುದು ಹೀಗೆ.

ವೇಳೆ ಮೊದಲು. ಧಾರವಾಡದ ಸಂಜೆ 5 ಗಂಟೆ ಎಂದರೆ ಜರ್ಮನಿಯಲ್ಲಿ ಚಳಿಗಾಲಕ್ಕೆ ಮಧ್ಯಾಹ್ನ 12:30, ಬೇಸಿಗೆಗೆ 1:30. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 6:30 ಅಥವಾ 7:30. ಕ್ಯಾಲಿಫೋರ್ನಿಯಾದ ಕೂಸಿಗೆ ಸಂಜೆ 7 ಗಂಟೆ ಆದಾಗ ಇಲ್ಲಿ ಮರುದಿನ ಬೆಳಿಗ್ಗೆ 8:30, ಬೇಸಿಗೆಯಲ್ಲಿ 7:30. ಅಲ್ಲಿ ಗಡಿಯಾರ ಬದಲಾಗುವ ವಾರ ಕರೆ ತಪ್ಪಿಹೋಗುತ್ತದೆ, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ರವಿವಾರ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೂಸಿಗೆ ಹಸಿವು, ನಿದ್ದೆ ಇಲ್ಲದ ವೇಳೆ ಆರಿಸಿ, ಮೂರು ವರ್ಷದೊಳಗಿನವರಿಗೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ತಾಸಿಗಿಂತ ದಿನಬಿಟ್ಟು ದಿನ ಹತ್ತು ನಿಮಿಷ ಮೇಲು.

ಅಜ್ಜ-ಆಯಿಗೆ ಕಳಕಳಿಯಿಂದ ಮೂರು ಮಾತು. ಕೂಸಿನ ಜೊತೆ ಇಂಗ್ಲಿಷ್ ಆಡಬೇಡಿ. "ಹೌ ಆರ್ ಯು ಬೇಟಾ" ಎಂದು ಪ್ರೀತಿಯಿಂದಲೇ ಕೇಳುತ್ತೀರಿ, ಆದರೆ ಕನ್ನಡ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಮನುಷ್ಯರು ಆ ಕೂಸಿಗೆ ಇರುವುದು ನೀವು ಮಾತ್ರ, ಆ ಜಾಗ ಬಿಟ್ಟುಕೊಡಬೇಡಿ. ಪರೀಕ್ಷೆ ಮಾಡಬೇಡಿ: "ಇದೇನು? ಹೇಳು. ಇದರ ಬಣ್ಣ ಯಾವುದು? ಹೇಳು ಹೇಳು" ಎಂದರೆ ಕೂಸು ಓಡಿಹೋಗುತ್ತದೆ. ಬದಲಿಗೆ ಕೈಯಲ್ಲೇನಾದರೂ ಹಿಡಿದು ಕೂಡಿ. ಮಲ್ಲಿಗೆ ಕಟ್ಟಿ, ಅವರೆಕಾಯಿ ಸುಲಿಯಿರಿ, ಅಂಗಳದ ಬೆಕ್ಕಿಗೆ ಹಾಲು ಹಾಕಿ ತೋರಿಸಿ, ಸೇರಿನಲ್ಲಿ ಏನೋ ಮುಚ್ಚಿಟ್ಟು ಊಹಿಸಲು ಹೇಳಿ. ಮೂರನೆಯದು, ಮನೆಮಂದಿಯೆಲ್ಲ ಒಮ್ಮೆಗೇ ಮಾತಾಡಬೇಡಿ. ಒಬ್ಬರು, ಬೆಳಕು ಮುಖದ ಮೇಲೆ ಬೀಳುವಂತೆ, ಫೋನನ್ನು ಡಬ್ಬಿಗೆ ಆನಿಸಿಟ್ಟು.

ಊರಿಗೆ ಬರುವ ರಜೆಯನ್ನು ವಿಚಾರ ಮಾಡಿ ಆರಿಸಬೇಕು. ಅಲ್ಲಿನ ಬೇಸಿಗೆ ರಜೆ ಜುಲೈ-ಆಗಸ್ಟಿಗೆ, ನಮ್ಮ ಶಾಲೆಗಳ ರಜೆ ಏಪ್ರಿಲ್-ಮೇಗೆ. ಜುಲೈಯಲ್ಲಿ ಬಂದ ಕೂಸಿಗೆ ಕಾಕಾ-ಮಾಮಾನ ಮಕ್ಕಳು ಸಂಜೆಯವರೆಗೆ ಸಿಗುವುದಿಲ್ಲ, ಸಿಕ್ಕಾಗಲೂ ಇಂಗ್ಲಿಷ್ ಶಾಲೆಯ ಆ ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡಿಸುತ್ತಾರೆ. ಶಾಲೆಗೆ ಸೇರುವ ಮೊದಲಿನ ವರ್ಷಗಳಲ್ಲಿ ಏಪ್ರಿಲ್‌ನಲ್ಲೇ ಬನ್ನಿ. ಆಮೇಲೆ ಜುಲೈ-ಆಗಸ್ಟೇ ಗತಿಯಾದರೆ ಅದರಲ್ಲೂ ಒಂದು ಭಾಗ್ಯ ಇದೆ: ಮಣ್ಣೆತ್ತಿನ ಅಮಾವಾಸ್ಯೆ ಜೂನ್-ಜುಲೈಗೆ, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣಕ್ಕೆ ನಾಗರ ಪಂಚಮಿ. ಎತ್ತು ತಿದ್ದುವುದು, ಜೋಕಾಲಿ ಆಡುವುದು, ಉಂಡಿ ಕಟ್ಟುವುದು, ಎಲ್ಲವೂ ಮಕ್ಕಳು ಕೈ ಹಾಕುವ ಹಬ್ಬಗಳು. ರೋಣದ ಕಡೆಯೋ ಹಾನಗಲ್ಲಿನ ಕಡೆಯೋ ಬೀಗರ ಹಳ್ಳಿ ಇದ್ದರೆ ಎರಡು ವಾರ ಅಲ್ಲಿ ಬಿಡಿ, ಜೋಕಾಲಿಯ ಸರದಿ ಕೇಳಲು ಅಲ್ಲಿ ಕನ್ನಡವೇ ಬೇಕು. ಮೊದಲ ನಾಲ್ಕೈದು ದಿನ ಕೂಸು ಬಾಯಿ ಬಿಡದಿದ್ದರೆ ಗಾಬರಿಯಾಗಬೇಡಿ, ಕೇಳಿಸಿಕೊಳ್ಳುತ್ತಿರುತ್ತದೆ.

ಓದು-ಬರಹಕ್ಕೆ ಅವಸರ ಬೇಡ, ಐದೂವರೆ-ಆರು ವರ್ಷಕ್ಕೆ ಸಾಕು. ಅ ಆ ಇ ಈ ಎಂದು 49 ಅಕ್ಷರ ಸಾಲಾಗಿ ಬರೆಸುವುದರಲ್ಲೇ ಆಸೆ ಬತ್ತುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮ ರ, ಗ, ಸ, ದ, ಅ ಎಂದು ಆಕಾರ ಹೋಲುವ ಅಕ್ಷರಗಳಿಂದ ಹೊರಡುತ್ತದೆ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಓದಿಬಿಡಬಹುದು. ದಿನಕ್ಕೆ ಹತ್ತು ನಿಮಿಷ, ಒತ್ತಕ್ಷರಕ್ಕೆ ಮುಟ್ಟುವಾಗ ವೇಗ ಅರ್ಧಕ್ಕಿಳಿಸಿ. ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತದ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು. ನಾಲ್ಕು ವರ್ಷದೊಳಗೆ ಅಚ್ಚಾದದ್ದನ್ನು ಹಾಗೇ ಓದದೆ ಚಿತ್ರ ತೋರಿಸಿ ನಿಮ್ಮ ಮಾತಿನಲ್ಲಿ ಹೇಳಿ.

ಮಾತು ತಡವಾದರೆ "ಎರಡು ಭಾಷಾ ಆಡತೀರಿ, ಅದಕ್ಕ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಎಣಿಸುವಾಗ ಎರಡೂ ಭಾಷೆಯ ಪದ ಕೂಡಿಸಿ ಎಣಿಸಿ. ಎರಡು ವರ್ಷಕ್ಕೆ ಎಲ್ಲ ಸೇರಿ 50ರಷ್ಟು ಪದಗಳಿಲ್ಲದಿದ್ದರೆ, ಎರಡು ಪದ ಜೋಡಿಸದಿದ್ದರೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ವಾಕ್ ತಜ್ಞರನ್ನು ಕಾಣಿ. ಕನ್ನಡ ನಿಲ್ಲಿಸುವುದು ಚಿಕಿತ್ಸೆಯಲ್ಲ.

ಎರಡನೇ ಕೂಸು ಹುಟ್ಟಿದಾಗ ಹೊಸದಾಗಿ ಎಚ್ಚರ ಬೇಕು. ದೊಡ್ಡದು ಶಾಲೆಯ ಭಾಷೆಯನ್ನು ಮನೆಯೊಳಗೆ ತರುತ್ತದೆ, ಮಕ್ಕಳಿಬ್ಬರೂ ಅದರಲ್ಲೇ ಆಡಿಕೊಳ್ಳುತ್ತಾರೆ, ಚಿಕ್ಕದಕ್ಕೆ ಸಿಗುವ ಕನ್ನಡ ಮೊದಲನೆಯದಕ್ಕೆ ಸಿಕ್ಕದ್ದರ ಅರ್ಧವೂ ಆಗುವುದಿಲ್ಲ. ಚಿಕ್ಕದು ಇನ್ನೂ ತೊಡೆಯ ಮೇಲಿರುವಾಗಲೇ ದೊಡ್ಡದಕ್ಕೆ ಕೆಲಸ ಹಚ್ಚಿ: ಸ್ನಾನದ ಹೊತ್ತಿಗೆ ತಮ್ಮನಿಗೆ ಕಣ್ಣು, ಮೂಗು, ಹೊಟ್ಟಿ ಎಂದು ತೋರಿಸಿ ಹೇಳುವುದು, ಮಲಗುವಾಗ ಚಿತ್ರದ ಪುಸ್ತಕ ಹಿಡಿದು ಕತೆ ಹೇಳುವುದು. ದಿನಕ್ಕೆ ಈ ಎರಡು ಹೊತ್ತು ಇಬ್ಬರನ್ನೂ ಕೂಡಿಸಿ, ನೀವೂ ಪಕ್ಕದಲ್ಲಿದ್ದು, ಕನ್ನಡದಲ್ಲೇ ನಡೆಸಿ.